ಕ್ಯಾರವಾನಿನ ಗ್ಯಾಸ್ ಫ್ರಿಜ್ಜು ತಂಪು ಕೊಡದಿದ್ದಾಗ: ದೋಷ ಹುಡುಕುವ ಕ್ರಮ

ಈ ಸಂಚಿಕೆಯ ಪಾಠ ಕಾಫಿಯದೂ ಅಲ್ಲ, ಅಡಿಕೆಯದೂ ಅಲ್ಲ. ಆದರೂ ಇದು ನಮ್ಮ ಸದಸ್ಯರಿಗೆ ಬೇಕಾದ ವಿಷಯವೆಂದು ಭಾವಿಸಿದ್ದೇವೆ. ಹೋಂಸ್ಟೇ ನಡೆಸುವ ಕೆಲವರು ಅತಿಥಿಗಳಿಗಾಗಿ ಕ್ಯಾರವಾನು ತಂದಿಟ್ಟುಕೊಂಡಿದ್ದಾರೆ. ಅದರೊಳಗೆ ಗ್ಯಾಸಿನಿಂದಲೂ, ಮನೆಯ ಕರೆಂಟಿನಿಂದಲೂ, ಗಾಡಿಯ 12 ವೋಲ್ಟ್ ಬ್ಯಾಟರಿಯಿಂದಲೂ ನಡೆಯುವ ಸಣ್ಣ ಫ್ರಿಜ್ಜು ಇರುತ್ತದೆ. ಹಿರಿಯ ಸದಸ್ಯರಿಗೆ ಇದರ ಅಣ್ಣನ ಪರಿಚಯ ಇದ್ದೇ ಇದೆ. ಕರೆಂಟು ಬರುವ ಮುಂಚೆ ತೋಟದ ಬಂಗಲೆಗಳಲ್ಲಿ ಕೆಳಗೆ ಸೀಮೆಎಣ್ಣೆ ದೀಪ ಉರಿಸಿ ಮೇಲೆ ಮಂಜುಗಡ್ಡೆ ಮಾಡುತ್ತಿದ್ದ ಫ್ರಿಜ್ಜು ಇದೇ ಜಾತಿಯದು.

ಕಳೆದ ವರ್ಷ ಆಶ್ಲೇಷಾ ಮಳೆಯಲ್ಲಿ ಮರ ಬಿದ್ದು ನಮ್ಮ ಕಡೆಯ ಕರೆಂಟು ಹನ್ನೊಂದು ದಿನ ಇರಲಿಲ್ಲ. ಮನೆಯ ಫ್ರಿಜ್ಜಿನಲ್ಲಿ ಹಿರಿಯರೊಬ್ಬರ ಇನ್ಸುಲಿನ್ ಸೀಸೆಗಳೂ, ಕೋಳಿಗಳ ಕೊಕ್ಕರೆ ರೋಗದ ಲಸಿಕೆಯೂ ಇದ್ದವು. ಕ್ಯಾರವಾನಿನ ಫ್ರಿಜ್ಜು ಗ್ಯಾಸಿನಲ್ಲಿ ನಡೆಯುತ್ತದಲ್ಲ ಎಂದು ಎಲ್ಲವನ್ನೂ ಅಲ್ಲಿಗೆ ಸಾಗಿಸಿ, ಬರ್ನರು ಹೊತ್ತಿಸಿ, ನಿಶ್ಚಿಂತೆಯಿಂದ ಇದ್ದೆವು. ಎರಡನೆಯ ದಿನ ಏನೋ ಸಂಶಯ ಬಂದು, ಮಳೆಮಾಪಕದ ಪಕ್ಕ ತೂಗುಹಾಕಿದ್ದ ಥರ್ಮೋಮೀಟರನ್ನು ಒಳಗಿಟ್ಟು ನೋಡಿದಾಗ 14 ಡಿಗ್ರಿ ತೋರಿಸಿತು. ಈ ಔಷಧಿಗಳಿಗೆ ಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್.

ಪೇಟೆಯ ಮೆಕ್ಯಾನಿಕ್ ಒಬ್ಬರಿಗೆ ಫೋನು ಮಾಡಿದೆವು. ‘ಒಳಗಿನ ಗ್ಯಾಸು ಖಾಲಿಯಾಗಿದೆ, ತುಂಬಿಸಬೇಕು, ಇಲ್ಲವೆ ಹಿಂದಿನ ಯೂನಿಟ್ಟನ್ನೇ ಬದಲಾಯಿಸಬೇಕು’ ಎಂದರು. ನಾವೂ ಅದನ್ನೇ ನಂಬಿ ಒಂದು ದಿನ ಕಳೆದೆವು. ಕೊನೆಗೆ ಸಿಕ್ಕ ಕಾರಣಗಳು ಎರಡು. ಮಳೆಗೆ ಮಣ್ಣು ಸಡಿಲವಾಗಿ ಕ್ಯಾರವಾನಿನ ಒಂದು ಚಕ್ರ ಹೂತು ಗಾಡಿ ವಾಲಿಕೊಂಡಿತ್ತು. ಹಿಂಬದಿಯ ಮೇಲಿನ ಗಾಳಿಕಿಂಡಿಯಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟಿದ್ದವು. ಎರಡನ್ನೂ ಸರಿಪಡಿಸಲು ತಗುಲಿದ್ದು ಒಂದು ಜಾಕು, ಎರಡು ಹಲಗೆ ತುಂಡು, ಒಂದು ಬ್ರಷ್ಷು. ಮಾರನೆಯ ಬೆಳಗಿಗೆ ಒಳಗೆ 5 ಡಿಗ್ರಿ ಇತ್ತು. ನಾವು ಕಲಿತದ್ದನ್ನು ಕ್ರಮವಾಗಿ ಹೇಳುವುದೇ ಈ ಪಾಠದ ಉದ್ದೇಶ.

ಮೊದಲು ಯಾವ ಜಾತಿಯ ಫ್ರಿಜ್ಜು ಎಂದು ತಿಳಿಯಿರಿ

ಫ್ರಿಜ್ಜು ನಡೆಯುವಾಗ ಹಿಂಬದಿಯಿಂದ ಮೋಟಾರಿನ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಅದು ಕಂಪ್ರೆಸರ್ ಫ್ರಿಜ್ಜು. ಮನೆಗಳಲ್ಲಿ ಇರುವುದು ಇದೇ. ಹೊಸ ಕ್ಯಾರವಾನುಗಳಲ್ಲೂ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜು ಹಾಕುತ್ತಾರೆ. ಈ ಪಾಠ ಅದಕ್ಕೆ ಅನ್ವಯಿಸುವುದಿಲ್ಲ. ಸದ್ದೇ ಇಲ್ಲದೆ ಕೆಲಸ ಮಾಡುವ, ಗ್ಯಾಸ್ ಬರ್ನರು ಇರುವ ಫ್ರಿಜ್ಜಿಗೆ ‘ಅಬ್ಸಾರ್ಪ್ಷನ್’ ಫ್ರಿಜ್ಜು ಅಂದರೆ ಹೀರಿಕೆಯ ಫ್ರಿಜ್ಜು ಎಂದು ಹೆಸರು. ಇದಕ್ಕೆ ಕಂಪ್ರೆಸರ್ ಫ್ರಿಜ್ಜಿಗೆ ತುಂಬಿಸುವಂತೆ ‘ಗ್ಯಾಸು ತುಂಬಿಸುವ’ ಪದ್ಧತಿ ಇಲ್ಲ. ಹಾಗೆ ಹೇಳಿದವರು ಬೇರೆ ಯಂತ್ರದ ಮಾತನ್ನು ಈ ಯಂತ್ರಕ್ಕೆ ಹೇಳುತ್ತಿದ್ದಾರೆಂದು ತಿಳಿಯತಕ್ಕದ್ದು.

ಬೆಂಕಿಯಿಂದ ತಂಪು ಹೇಗೆ ಹುಟ್ಟುತ್ತದೆ?

ಕೆಲಸದ ರೀತಿ ತಿಳಿದರೆ ಅರ್ಧ ರಿಪೇರಿ ಆದಂತೆ. ಇಂಜೆಕ್ಷನ್ ಕೊಡುವ ಮೊದಲು ತೋಳಿಗೆ ಸ್ಪಿರಿಟ್ಟು ಹಚ್ಚಿದರೆ ತಣ್ಣಗಾಗುತ್ತದೆ. ಸ್ಪಿರಿಟ್ಟು ಆವಿಯಾಗಲು ಬೇಕಾದ ಬಿಸಿಯನ್ನು ನಮ್ಮ ಚರ್ಮದಿಂದ ತೆಗೆದುಕೊಳ್ಳುವುದೇ ಅದಕ್ಕೆ ಕಾರಣ. ಈ ಫ್ರಿಜ್ಜಿನಲ್ಲಿ ಸ್ಪಿರಿಟ್ಟಿನ ಜಾಗದಲ್ಲಿ ಅಮೋನಿಯ ಇರುತ್ತದೆ.

ಹಿಂಬದಿಯ ಕೊಳವೆಗಳೊಳಗೆ ಮೂರು ಪದಾರ್ಥಗಳಿವೆ: ನೀರು, ಅಮೋನಿಯ, ಜಲಜನಕ. ಕೆಳಗಿನ ಬಾಯ್ಲರಿನಲ್ಲಿ ಅಮೋನಿಯ ಕರಗಿದ ನೀರನ್ನು ಗ್ಯಾಸಿನ ಉರಿಯಿಂದಲೋ ಕರೆಂಟಿನ ಹೀಟರಿನಿಂದಲೋ ಕಾಯಿಸುತ್ತಾರೆ. ಗುಳ್ಳೆಗಳು ಎದ್ದು ಸಣ್ಣ ಕೊಳವೆಯಲ್ಲಿ ನೀರನ್ನು ಮೇಲಕ್ಕೆ ತಳ್ಳುತ್ತವೆ. ಅಮೋನಿಯ ಆವಿ ಬೇರ್ಪಟ್ಟು ಇನ್ನೂ ಮೇಲೇರಿ, ರೆಕ್ಕೆಗಳಿರುವ ಕೊಳವೆಯಲ್ಲಿ ತನ್ನ ಬಿಸಿಯನ್ನು ಹೊರಗಿನ ಗಾಳಿಗೆ ಕೊಟ್ಟು ದ್ರವವಾಗುತ್ತದೆ. ಆ ದ್ರವ ಫ್ರಿಜ್ಜಿನ ಒಳಭಾಗದ ಕೊಳವೆಗೆ ಇಳಿದು, ಅಲ್ಲಿ ಜಲಜನಕದ ಜೊತೆ ಸೇರಿ ಮತ್ತೆ ಆವಿಯಾಗುತ್ತದೆ. ಆವಿಯಾಗುವಾಗ ಒಳಗಿನ ಹಾಲು, ತರಕಾರಿ, ಔಷಧಿಗಳ ಬಿಸಿಯನ್ನು ಹೀರಿಕೊಳ್ಳುತ್ತದೆ. ಅನಂತರ ಕೆಳಗಿಳಿದು ನೀರಿನಲ್ಲಿ ಮತ್ತೆ ಕರಗುತ್ತದೆ. ಜಲಜನಕ ಹಗುರವಾಗಿ ಮೇಲಕ್ಕೆ ಮರಳುತ್ತದೆ. ಹೀಗೆ ಚಕ್ರ ಸುತ್ತುತ್ತಲೇ ಇರುತ್ತದೆ.

ಇದರಲ್ಲಿ ಚಲಿಸುವ ಭಾಗ ಒಂದೂ ಇಲ್ಲ. 1922ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಬಾಲ್ಟ್‌ಜಾರ್ ಫಾನ್ ಪ್ಲಾಟೆನ್, ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದನ್ನು ರೂಪಿಸಿದರು; 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ಇದರ ತಯಾರಿಕೆಗೆ ಕೈಹಾಕಿತು. ನೂರು ವರ್ಷ ದಾಟಿದರೂ ಮೂಲ ವಿಧಾನ ಅದೇ ಆಗಿದೆ.

ಇಲ್ಲಿ ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಒಂದೇ. ಪಂಪು ಇಲ್ಲದ ಕಾರಣ ಒಳಗಿನ ದ್ರವ ಹರಿಯುವುದು ಇಳಿಜಾರಿನ ಬಲದಿಂದ ಮಾತ್ರ. ಬಿಸಿ ಸರಿಯಾಗಿ ಒಳಬರಬೇಕು, ಸರಿಯಾಗಿ ಹೊರಹೋಗಬೇಕು, ದ್ರವ ಸರಾಗವಾಗಿ ಇಳಿಯಬೇಕು. ತಂಪು ಕಡಿಮೆಯಾದಾಗ ಈ ಮೂರರಲ್ಲಿ ಯಾವುದು ಕೆಟ್ಟಿದೆ ಎಂದು ಹುಡುಕುವುದೇ ನಮ್ಮ ಕೆಲಸ. ಯೂನಿಟ್ಟು ಕೆಟ್ಟಿದೆ ಎಂಬ ತೀರ್ಮಾನ ಕಟ್ಟಕಡೆಗೆ ಬರತಕ್ಕದ್ದು.

ಮೊದಲ ಹೆಜ್ಜೆ: ಅಳತೆ

ಕೈಯಿಟ್ಟು ‘ತಣ್ಣಗಿದೆ’, ‘ತಣ್ಣಗಿಲ್ಲ’ ಎನ್ನುವುದು ಅಳತೆಯಲ್ಲ. ಒಂದು ಲೋಟ ನೀರಿನಲ್ಲಿ ಥರ್ಮೋಮೀಟರು ಇಟ್ಟು, ಲೋಟವನ್ನು ನಡುವಿನ ತಟ್ಟೆಯಲ್ಲಿರಿಸಿ ಬಾಗಿಲು ಮುಚ್ಚಬೇಕು. ಹನ್ನೆರಡು ಗಂಟೆ ಕಳೆದ ಮೇಲೆ, ಬೆಳಿಗ್ಗೆ ಮೊದಲ ಸಲ ಬಾಗಿಲು ತೆರೆದಾಗ ನೋಡಬೇಕು. ಗಾಳಿಯ ಉಷ್ಣತೆ ಬಾಗಿಲು ತೆರೆದ ಕೂಡಲೇ ಏರುತ್ತದೆ, ನೀರಿನದು ಏರುವುದಿಲ್ಲ. ಆದ್ದರಿಂದಲೇ ಲೋಟದ ಉಪಾಯ. ಅದೇ ಹೊತ್ತಿನಲ್ಲಿ ಹೊರಗಿನ ಉಷ್ಣತೆಯನ್ನೂ ಬರೆದುಕೊಳ್ಳಿ.

ಈ ಫ್ರಿಜ್ಜು ನಿಧಾನದ್ದು. ಬಿಸಿಯಾಗಿದ್ದ ಪೆಟ್ಟಿಗೆ ತಣ್ಣಗಾಗಲು ಆರರಿಂದ ಹನ್ನೆರಡು ಗಂಟೆ ಬೇಕು. ಹೊತ್ತಿಸಿ ಎರಡು ಗಂಟೆಯಲ್ಲಿ ತಂಪಾಗಲಿಲ್ಲ ಎಂದು ದೂರುವವರ ಫ್ರಿಜ್ಜು ಕೆಟ್ಟಿರುವುದಿಲ್ಲ, ತಾಳ್ಮೆ ಕೆಟ್ಟಿರುತ್ತದೆ. ಒಂದು ಬದಲಾವಣೆ ಮಾಡಿದ ಮೇಲೆ ಅರ್ಧ ದಿನವಾದರೂ ಕಾದು ಅಳೆಯಿರಿ. ಒಂದೇ ಸಲಕ್ಕೆ ನಾಲ್ಕು ಬದಲಾವಣೆ ಮಾಡಿದರೆ ದೋಷ ಯಾವುದಾಗಿತ್ತೆಂದು ಕೊನೆಗೂ ತಿಳಿಯುವುದಿಲ್ಲ.

ಎರಡನೆಯ ಹೆಜ್ಜೆ: ಮಟ್ಟ

ನಮ್ಮ ಮಲೆನಾಡಿನಲ್ಲಿ ಇದೇ ಮೊದಲ ಶತ್ರು. ಸಮತಟ್ಟಾದ ಜಾಗ ನಮ್ಮಲ್ಲಿ ಎಲ್ಲಿದೆ? ಕಾಫಿ ಕಣವನ್ನೂ ನೀರು ಹರಿದುಹೋಗಲೆಂದು ಸ್ವಲ್ಪ ವಾಟ ಕೊಟ್ಟೇ ಕಟ್ಟಿರುತ್ತೇವೆ. ಗಾಡಿ ವಾಲಿದರೆ ಒಳಗಿನ ದ್ರವ ಇಳಿಯಬೇಕಾದ ಕಡೆ ಇಳಿಯದೆ ಕೊಳವೆಯ ಬಾಗಿನಲ್ಲಿ ನಿಂತುಬಿಡುತ್ತದೆ. ಅಡಿಕೆ ತೋಟದ ಬಸಿಗಾಲುವೆಯಲ್ಲಿ ವಾಟ ತಪ್ಪಿದರೆ ನೀರು ಮಡುಗಟ್ಟುವಂತೆಯೇ ಇದು.

ಹಲವು ಹೊಸ ಮಾದರಿಗಳು ಸುಮಾರು 3 ಡಿಗ್ರಿ ವಾಲಿಕೆಯನ್ನು ತಾಳಿಕೊಳ್ಳುತ್ತವೆ. 3 ಡಿಗ್ರಿ ಎಂದರೆ ಒಂದು ಮೀಟರು ಉದ್ದಕ್ಕೆ ಸುಮಾರು 5 ಸೆಂಟಿಮೀಟರು ಇಳಿತ. ಹಳೆಯ ಮಾದರಿಗಳಿಗೆ ಅಷ್ಟೂ ಸಹನೆಯಿಲ್ಲ. ಗಾರೆ ಕೆಲಸದವರ ರಸಮಟ್ಟವನ್ನು ತಂದು ನೋಡಿ. ಅದನ್ನು ಕ್ಯಾರವಾನಿನ ನೆಲದ ಮೇಲಲ್ಲ, ಫ್ರಿಜ್ಜಿನ ಒಳಗೆ ಮಂಜಿನ ಖಾನೆಯ ತಳದ ಮೇಲೆ ಇಡಬೇಕು. ಎಡಬಲಕ್ಕೆ ಒಮ್ಮೆ, ಹಿಂದುಮುಂದಕ್ಕೆ ಒಮ್ಮೆ. ರಸಮಟ್ಟ ಇಲ್ಲದಿದ್ದರೆ ಅಗಲವಾದ ಬಟ್ಟಲಿನಲ್ಲಿ ನೀರು ಹಾಕಿ ಅಂಚುಗಳನ್ನು ನೋಡಿದರೂ ಅಂದಾಜು ಸಿಗುತ್ತದೆ. ಚಕ್ರದ ಕೆಳಗೆ ಹಲಗೆ ಕೊಟ್ಟು ಸರಿಪಡಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮತ್ತೆ ನೋಡಿ. ಚಕ್ರ ಹೂಳುವುದು ನಮಗೆ ಗೊತ್ತಾಗುವುದೇ ಇಲ್ಲ.

ಗಾಡಿ ಓಡುವಾಗ ವಾಲಿಕೆಯ ತೊಂದರೆ ಇಲ್ಲ. ಘಟ್ಟದ ತಿರುವುಗಳಲ್ಲಿ ಅತ್ತಿತ್ತ ಅಲುಗಾಡುವುದರಿಂದ ದ್ರವ ಎಲ್ಲಿಯೂ ನಿಲ್ಲುವುದಿಲ್ಲ. ವಾಲಿದ ಜಾಗದಲ್ಲಿ ನಿಲ್ಲಿಸಿ ಗಂಟೆಗಟ್ಟಲೆ ಉರಿಸುವುದೇ ಅಪಾಯ. ಆಗ ಬಾಯ್ಲರಿಗೆ ದ್ರವ ಮರಳದೆ ಅದು ಅತಿಯಾಗಿ ಕಾಯುತ್ತದೆ. ಕೊಳವೆ ತುಕ್ಕು ಹಿಡಿಯದಿರಲೆಂದು ದ್ರವಕ್ಕೆ ಸೇರಿಸಿರುವ ಸೋಡಿಯಂ ಕ್ರೋಮೇಟು ಅತಿ ಬಿಸಿಗೆ ಗಟ್ಟಿಯಾಗಿ ಸಣ್ಣ ಕೊಳವೆಯನ್ನು ಮುಚ್ಚಿಬಿಡಬಹುದು. ಆ ಮೇಲೆ ಮಟ್ಟ ಸರಿಪಡಿಸಿದರೂ ಪ್ರಯೋಜನವಿಲ್ಲ. ನಮ್ಮ ಫ್ರಿಜ್ಜು ಎರಡು ದಿನ ವಾಲಿಕೊಂಡೇ ಉರಿದೂ ಬದುಕಿ ಉಳಿದದ್ದು ನಮ್ಮ ಅದೃಷ್ಟ.

ಮೂರನೆಯ ಹೆಜ್ಜೆ: ಬೆನ್ನಿನ ಗಾಳಿ

ಒಳಗಿನ ಬಿಸಿಯೂ, ಬರ್ನರಿನ ಬಿಸಿಯೂ ಫ್ರಿಜ್ಜಿನ ಬೆನ್ನಿನಿಂದಲೇ ಹೊರಗೆ ಹೋಗಬೇಕು. ಅದಕ್ಕಾಗಿ ಕ್ಯಾರವಾನಿನ ಹೊರಗೋಡೆಯಲ್ಲಿ ಕೆಳಗೊಂದು, ಮೇಲೊಂದು ಗಾಳಿಕಿಂಡಿ ಇರುತ್ತದೆ. ಕೆಳಗಿನಿಂದ ತಂಪು ಗಾಳಿ ನುಗ್ಗಿ ಮೇಲಿನಿಂದ ಬಿಸಿಗಾಳಿ ಹೊರಡುತ್ತದೆ. ಅಡಿಕೆ ಬೇಯಿಸುವ ಒಲೆಯ ಹೊಗೆಕೊಳವೆ ಕಟ್ಟಿಕೊಂಡರೆ ಉರಿ ಏಳುವುದಿಲ್ಲವಷ್ಟೆ? ಇಲ್ಲೂ ಹಾಗೆಯೇ.

ಫ್ರಿಜ್ಜು ಎರಡು ಗಂಟೆ ಉರಿದ ಮೇಲೆ ಮೇಲಿನ ಕಿಂಡಿಯ ಎದುರು ಅಂಗೈ ಹಿಡಿಯಿರಿ. ಬಿಸಿಗಾಳಿ ಚೆನ್ನಾಗಿ ಬರುತ್ತಿದ್ದರೆ ಬಿಸಿ ಸಾಗುತ್ತಿದೆ ಎಂದರ್ಥ. ಬಾರದಿದ್ದರೆ ಉರಿ ನಂದಿಸಿ, ತಣಿದ ಮೇಲೆ ಎರಡೂ ಜಾಲರಿಗಳನ್ನು ಬಿಚ್ಚಿ ಟಾರ್ಚು ಬಿಟ್ಟು ನೋಡಿ. ಕಣಜದ ಮಣ್ಣಿನ ಗೂಡು, ಹಕ್ಕಿಯ ಕಡ್ಡಿಗೂಡು, ಜೇಡರ ಬಲೆ, ಇಲಿ ತಂದಿಟ್ಟ ಹತ್ತಿ ಇವೆಲ್ಲ ಸಿಗಬಹುದು. ಚಳಿಗಾಲಕ್ಕೆಂದು ಹಾಕಿದ ಪ್ಲಾಸ್ಟಿಕ್ಕು ಮುಚ್ಚಳವನ್ನು ತೆಗೆಯಲು ಮರೆತಿರುವುದೂ ಉಂಟು. ಮಳೆ ಎರಚಲಿಗೆ ಹೆದರಿ ಕಿಂಡಿಗೆ ಗೋಣಿ ಕಟ್ಟುವವರಿದ್ದಾರೆ, ಹಾಗೆ ಮಾಡಲೇಕೂಡದು.

ಹೊರಗಿನ ಬಿಸಿಯೂ ಮುಖ್ಯ. ಫ್ರಿಜ್ಜಿನ ಒಳಗೋಡೆಯ ತಗಡಿನಲ್ಲಿ ಎಸ್‌ಎನ್, ಎನ್, ಎಸ್‌ಟಿ, ಟಿ ಎಂಬ ಗುರುತು ಇರುತ್ತದೆ. ಎಸ್‌ಎನ್ ಮತ್ತು ಎನ್ ಎಂದರೆ ಹೊರಗೆ 32 ಡಿಗ್ರಿಯವರೆಗೆ, ಎಸ್‌ಟಿ ಎಂದರೆ 38ರವರೆಗೆ, ಟಿ ಎಂದರೆ 43ರವರೆಗೆ ಸರಿಯಾಗಿ ಕೆಲಸ ಮಾಡುವಂತೆ ತಯಾರಿಸಿದ್ದು. ಎಸ್‌ಎನ್ ಗುರುತಿನ ಫ್ರಿಜ್ಜನ್ನು ಏಪ್ರಿಲಿನಲ್ಲಿ ಕರಾವಳಿಗೆ ಒಯ್ದು ತಂಪಾಗಲಿಲ್ಲ ಎಂದರೆ ತಪ್ಪು ಫ್ರಿಜ್ಜಿನದಲ್ಲ. ಬೆನ್ನಿನ ಗೋಡೆಗೆ ಮಧ್ಯಾಹ್ನದ ಬಿಸಿಲು ಬೀಳದಂತೆ ಗಾಡಿಯನ್ನು ತಿರುಗಿಸಿ, ಮರದ ನೆರಳಿನಲ್ಲಿ ನಿಲ್ಲಿಸಿ. ಬೇಸಿಗೆಯಲ್ಲಿ ಮೇಲಿನ ರೆಕ್ಕೆಗಳ ಹತ್ತಿರ 12 ವೋಲ್ಟಿನ ಸಣ್ಣ ಫ್ಯಾನನ್ನು, ಗಾಳಿ ಮೇಲ್ಮುಖವಾಗಿ ಹೋಗುವಂತೆ ಜೋಡಿಸಿದರೆ ಸಹಾಯವಾಗುತ್ತದೆ. ಅದು ಬರ್ನರಿನ ಉರಿಗೆ ಬೀಸದಂತೆ ನೋಡಿಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಬಿಸಿಯ ಮೂಲ

ಮಟ್ಟ, ಗಾಳಿ ಎರಡೂ ಸರಿಯಾದ ಮೇಲೂ ತಂಪಾಗದಿದ್ದರೆ ಈ ಪರೀಕ್ಷೆ ಮಾಡಿ. ಒಂದು ದಿನ ಗ್ಯಾಸಿನಲ್ಲಿ, ಇನ್ನೊಂದು ದಿನ ಮನೆಯ ಕರೆಂಟಿನಲ್ಲಿ ನಡೆಸಿ ಎರಡರ ಅಳತೆಯನ್ನೂ ಬರೆಯಿರಿ. ಒಂದರಲ್ಲಿ ತಂಪಾಗಿ ಇನ್ನೊಂದರಲ್ಲಿ ಆಗದಿದ್ದರೆ ಯೂನಿಟ್ಟು ಆರೋಗ್ಯವಾಗಿದೆ. ತಪ್ಪು ಆ ಬಿಸಿಯ ಮೂಲದ್ದು. ಇದೊಂದು ಪರೀಕ್ಷೆಯಿಂದ ಸಾವಿರಾರು ರೂಪಾಯಿ ಉಳಿಯಬಹುದು. ತಂಪು ಹೆಚ್ಚಲೆಂದು ಎರಡು ಮೂಲಗಳನ್ನು ಒಟ್ಟಿಗೆ ಹಚ್ಚಬಾರದು. ಬಾಯ್ಲರು ಅತಿ ಬಿಸಿಯಾಗಿ ತಂಪು ಕಡಿಮೆಯಾಗುವುದಲ್ಲದೆ ಯೂನಿಟ್ಟಿಗೂ ಹಾನಿ.

ಗ್ಯಾಸಿನ ದೋಷಗಳು: ಉರಿ ನೀಲಿಯಾಗಿ ಸ್ಥಿರವಾಗಿರಬೇಕು. ಹಳದಿಯಾಗಿ ಕುಣಿಯುತ್ತಿದ್ದರೆ ಬರ್ನರಿನಲ್ಲಿ ಕಸವಿದೆ. ಹೊಗೆಕೊಳವೆಯಿಂದ ಉದುರುವ ತುಕ್ಕು, ಮಸಿಗಳು ನೇರವಾಗಿ ಬರ್ನರಿನ ಮೇಲೆಯೇ ಬೀಳುತ್ತವೆ. ಸಿಲಿಂಡರು ಮುಚ್ಚಿ, ಬರ್ನರು ಬಿಚ್ಚಿ, ಹೊಗೆಕೊಳವೆಯನ್ನು ಉದ್ದ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಉಜ್ಜಬೇಕು. ಕೊಳವೆಯೊಳಗೆ ತಿರುಚಿದ ತಗಡಿನ ಪಟ್ಟಿಯೊಂದು ತಂತಿಯಲ್ಲಿ ನೇತಾಡುತ್ತಿರುತ್ತದೆ. ಬಿಸಿ ಸುಮ್ಮನೆ ಮೇಲಕ್ಕೆ ಹಾರಿಹೋಗದೆ ಬಾಯ್ಲರಿಗೆ ತಾಗಲೆಂದು ಅದನ್ನು ಇಟ್ಟಿರುತ್ತಾರೆ. ಶುಚಿ ಮಾಡಿದ ಮೇಲೆ ಅದನ್ನು ಮೊದಲಿದ್ದ ಎತ್ತರದಲ್ಲೇ ತೂಗುಹಾಕಬೇಕು. ಇದನ್ನು ಕಸವೆಂದು ಎಸೆದವರೂ ಇದ್ದಾರೆ.

ಗ್ಯಾಸು ಚಿಮ್ಮುವ ಜೆಟ್ಟಿನ ರಂಧ್ರ ಕೂದಲೆಳೆಯಷ್ಟು. ಅದಕ್ಕೆ ಸೂಜಿ, ತಂತಿ ಹಾಕಿ ತಿವಿಯಕೂಡದು. ರಂಧ್ರ ದೊಡ್ಡದಾದರೆ ಉರಿ ಕೆಡುತ್ತದೆ. ಸ್ಪಿರಿಟ್ಟಿನಲ್ಲಿ ನೆನೆಸಿಟ್ಟು ಗಾಳಿ ಊದಿ ಶುಚಿ ಮಾಡಬೇಕು. ಗುಬುಟು ಒತ್ತಿ ಹಿಡಿದಾಗ ಉರಿದು, ಬಿಟ್ಟಾಗ ಆರಿಹೋಗುತ್ತಿದ್ದರೆ ಉರಿಗೆ ತಾಗಿಕೊಂಡಿರುವ ಥರ್ಮೋಕಪಲ್ ಕಡ್ಡಿ ಜರುಗಿದೆ ಅಥವಾ ಮಸಿ ಹಿಡಿದಿದೆ.

ಈ ಫ್ರಿಜ್ಜುಗಳಿಗೆ ಸಾಮಾನ್ಯವಾಗಿ ಬೇಕಾದ ಒತ್ತಡ ಸುಮಾರು 30 ಮಿಲಿಬಾರ್, ಅಂದರೆ 30 ಸೆಂಟಿಮೀಟರು ಎತ್ತರದ ನೀರಿನ ಒತ್ತಡ. ನಮ್ಮ ಅಡುಗೆಮನೆಯ ರೆಗ್ಯುಲೇಟರು ಕೊಡುವುದೂ ಹೆಚ್ಚುಕಡಿಮೆ ಇಷ್ಟೇ. ಹೋಟೆಲಿನ ಭಾರೀ ಒಲೆಗಳಿಗೆ ಹಾಕುವ, ಒತ್ತಡ ಏರಿಸಬಲ್ಲ ರೆಗ್ಯುಲೇಟರನ್ನು ಇದಕ್ಕೆ ಜೋಡಿಸಬಾರದು. ಸಣ್ಣ ಫ್ರಿಜ್ಜು ದಿನಕ್ಕೆ ಸುಮಾರು 300ರಿಂದ 400 ಗ್ರಾಂ ಗ್ಯಾಸು ಉರಿಸುತ್ತದೆ. ಒಲೆ ಉರಿಯುತ್ತಿದ್ದರೂ ಫ್ರಿಜ್ಜು ಸೊರಗುತ್ತಿದ್ದರೆ ಸಿಲಿಂಡರು ಮುಗಿಯುತ್ತ ಬಂದಿದೆಯೆ ಎಂದು ಮೊದಲು ಎತ್ತಿ ನೋಡಿ.

ಕರೆಂಟಿನ ದೋಷಗಳು: ನಮ್ಮ ಊರುಗಳಲ್ಲಿ ವೋಲ್ಟೇಜು ಇಳಿಯುವುದು ಹೊಸತಲ್ಲ. ಹೀಟರು ಕೊಡುವ ಬಿಸಿ ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿ ಕುಗ್ಗುತ್ತದೆ. 230 ವೋಲ್ಟಿನಲ್ಲಿ 120 ವಾಟ್ ಕೊಡುವ ಹೀಟರು 180 ವೋಲ್ಟಿನಲ್ಲಿ ಸುಮಾರು 73 ವಾಟ್, 160 ವೋಲ್ಟಿನಲ್ಲಿ ಸುಮಾರು 58 ವಾಟ್ ಮಾತ್ರ ಕೊಡುತ್ತದೆ. ಬಲ್ಬು ಉರಿಯುತ್ತಿದೆ, ಫ್ರಿಜ್ಜಿನ ದೀಪವೂ ಉರಿಯುತ್ತಿದೆ, ಆದರೆ ಬಾಯ್ಲರಿಗೆ ಅರ್ಧ ಬಿಸಿಯೂ ಇಲ್ಲ! ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಮಲ್ಟಿಮೀಟರಿನಿಂದ ವೋಲ್ಟೇಜು ನೋಡಿ. ಕಡಿಮೆಯಿದ್ದರೆ ಗ್ಯಾಸಿಗೆ ಬದಲಾಯಿಸಿ, ಇಲ್ಲವೆ ಸ್ಟೆಬಿಲೈಸರು ಹಾಕಿ. ಹೀಟರು ಸುಟ್ಟಿದೆಯೆ ಎಂದು ತಿಳಿಯಲು ಪ್ಲಗ್ಗು ಕಿತ್ತು, ಹೀಟರಿನ ತಂತಿಗಳನ್ನು ಬಿಡಿಸಿಕೊಂಡು ಓಮ್ ಅಳೆಯಬೇಕು. 120 ವಾಟಿನ ಹೀಟರಿಗೆ ಸುಮಾರು 440 ಓಮ್ ಬರಬೇಕು; ಏನೂ ತೋರಿಸದಿದ್ದರೆ ಅದು ಸುಟ್ಟಿದೆ.

12 ವೋಲ್ಟಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಅದು ಗಾಡಿ ಓಡುವಾಗ, ಈಗಾಗಲೇ ತಣ್ಣಗಿರುವುದನ್ನು ತಣ್ಣಗೆ ಇಡಲು ಮಾತ್ರ. 120 ವಾಟಿನ ಹೀಟರು 12 ವೋಲ್ಟಿನಲ್ಲಿ 10 ಆಂಪಿಯರು ಎಳೆಯುತ್ತದೆ. ನಿಂತ ಗಾಡಿಯಲ್ಲಿ 80 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ನಾಲ್ಕು ಗಂಟೆಯಲ್ಲಿ ಅರ್ಧ ಬರಿದು ಮಾಡುತ್ತದೆ. ತಂತಿ ತೆಳುವಾಗಿದ್ದು ಹೀಟರಿಗೆ 10 ವೋಲ್ಟ್ ಮಾತ್ರ ತಲುಪಿದರೆ 120 ವಾಟಿನ ಬದಲು ಸುಮಾರು 83 ವಾಟ್ ಸಿಗುತ್ತದೆ. ಆದ್ದರಿಂದ ವೋಲ್ಟೇಜನ್ನು ಬ್ಯಾಟರಿಯ ಹತ್ತಿರವಲ್ಲ, ಫ್ರಿಜ್ಜಿನ ಹಿಂಬದಿಯ ಜೋಡಣೆಯಲ್ಲಿ ಅಳೆಯಬೇಕು.

ಐದನೆಯ ಹೆಜ್ಜೆ: ನಮ್ಮದೇ ಅಭ್ಯಾಸ

ಬಾಗಿಲಿನ ಅಂಚಿನ ರಬ್ಬರಿಗೆ ಒಂದು ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸುಲಭವಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಸುಳುತ್ತಿದೆ. ನಾಲ್ಕೂ ಬದಿ ಹೀಗೆ ಪರೀಕ್ಷಿಸಿ. ಮಳೆಗಾಲದ ತೇವದ ಗಾಳಿ ನುಸುಳಿದರೆ ಒಳಗಿನ ರೆಕ್ಕೆಗಳ ಮೇಲೆ ಮಂಜು ಬಲು ಬೇಗ ಕಟ್ಟುತ್ತದೆ. ಮಂಜು ತಂಪಿನ ಗುರುತು ಎಂದು ಸಂತೋಷಪಡಬೇಡಿ. ಅದು ಕಂಬಳಿ ಹೊದಿಸಿದ ಹಾಗೆ. ಮೂರು ನಾಲ್ಕು ಮಿಲಿಮೀಟರು ದಪ್ಪವಾದರೆ ಫ್ರಿಜ್ಜು ಆರಿಸಿ, ಬಾಗಿಲು ತೆರೆದಿಟ್ಟು ಕರಗಿಸಿ. ಚಾಕುವಿನಿಂದ ಕೆರೆಯಬಾರದು.

ಬಿಸಿ ಸಾರಿನ ಪಾತ್ರೆಯನ್ನು ಹಾಗೆಯೇ ಒಳಗಿಡುವುದು, ತಟ್ಟೆಗಳಿಗೆ ಕಾಗದ ಹಾಸಿ ಗಾಳಿ ಓಡದಂತೆ ಮಾಡುವುದು, ಬಾಳೆಗೊನೆಯ ಹಾಗೆ ತುಂಬಿಸುವುದು ಇವೆಲ್ಲ ಸಲ್ಲದು. ರೆಕ್ಕೆಗೆ ಸಿಕ್ಕಿಸಿರುವ ಥರ್ಮೋಸ್ಟಾಟಿನ ತಂತಿ ಅಥವಾ ಗುಂಡಿ ಕಳಚಿಕೊಂಡಿದ್ದರೆ ಮತ್ತೆ ಸಿಕ್ಕಿಸಿ. ಔಷಧಿಗಳನ್ನು ರೆಕ್ಕೆಗಳಿಗೆ ತಾಗಿಸಿ ಇಡಕೂಡದು. ಅಲ್ಲಿ ಸೊನ್ನೆಗಿಂತ ಕೆಳಗಿರುವುದರಿಂದ ಇನ್ಸುಲಿನ್ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕೆ ಬಾರದು.

ಕೊನೆಯ ತೀರ್ಮಾನ: ಯೂನಿಟ್ಟು

ಮಟ್ಟ ಸರಿಯಾಗಿದೆ, ಗಾಳಿ ಓಡುತ್ತಿದೆ, 230 ವೋಲ್ಟು ಪೂರಾ ಇದೆ, ಬಾಯ್ಲರಿನ ಜಾಗ ಬಿಸಿಯಾಗಿದೆ, 24 ಗಂಟೆ ಕಳೆದಿದೆ. ಆದರೂ ಒಳಗೆ ತಂಪಿಲ್ಲ, ಗ್ಯಾಸಿನಲ್ಲೂ ಅದೇ ಕಥೆ ಎಂದಾದರೆ ಯೂನಿಟ್ಟು ಕೆಟ್ಟಿದೆ ಎನ್ನಬಹುದು. ಅಮೋನಿಯದ ಖಾರ ವಾಸನೆ ಬಂದರೆ, ಕೊಳವೆಗಳ ಮೇಲೆ ಹಳದಿ ಪುಡಿ ಕಂಡರೆ ಸೋರಿಕೆ ಖಚಿತ. ಹಿಂದಿನವರು ಇಂಥ ಫ್ರಿಜ್ಜನ್ನು ತಲೆಕೆಳಗಾಗಿ ಒಂದು ರಾತ್ರಿ ಇಟ್ಟು, ಮತ್ತೆ ನೆಟ್ಟಗೆ ಮಾಡಿ ಕೆಲವು ಗಂಟೆ ಬಿಟ್ಟು ಹೊತ್ತಿಸುತ್ತಿದ್ದರು. ದ್ರವ ಎಲ್ಲೋ ಸಿಕ್ಕಿಕೊಂಡಿದ್ದರೆ ಇದರಿಂದ ಕೆಲವೊಮ್ಮೆ ಗುಣ ಸಿಗುತ್ತದೆ, ಆದರೆ ಬಹುಕಾಲ ನಿಲ್ಲುತ್ತದೆಂಬ ಭರವಸೆಯಿಲ್ಲ. ಸೋರುತ್ತಿರುವ ಯೂನಿಟ್ಟಿಗೆ ಇದನ್ನು ಮಾಡಲೇಬಾರದು.

ಎಚ್ಚರಿಕೆ

ಕೊಳವೆಗಳ ಒಳಗೆ ವಾತಾವರಣದ ಸುಮಾರು 20 ಪಟ್ಟು ಒತ್ತಡವಿದೆ. ಅಮೋನಿಯ ಉಸಿರುಕಟ್ಟಿಸುತ್ತದೆ, ಜಲಜನಕ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಕೊಳವೆಗಳನ್ನು ಕೊರೆಯುವುದು, ಬೆಸುಗೆ ಹಾಕುವುದು ಕೂಡದು. ಅಮೋನಿಯದ ವಾಸನೆ ಬಂದರೆ ಉರಿ ಆರಿಸಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಗ್ಯಾಸ್ ಜೋಡಣೆ ಬಿಚ್ಚಿ ಹಾಕಿದಾಗಲೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುವುದೋ ನೋಡಿ. ಪೆಟ್ರೋಲ್ ಬಂಕಿಗೆ ಹೋಗುವ ಮುನ್ನ ಉರಿ ಆರಿಸಿರಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಕಾರ್ಬನ್ ಮಾನಾಕ್ಸೈಡ್. ಬರ್ನರಿನ ಹೊಗೆ ಮಲಗುವ ಜಾಗಕ್ಕೆ ಬರದಂತೆ ಫ್ರಿಜ್ಜಿನ ಬೆನ್ನಿಗೂ ಒಳಕೋಣೆಗೂ ನಡುವೆ ಸಂದಿಲ್ಲದಂತೆ ಮುಚ್ಚಿರಬೇಕು. ಈ ಅನಿಲಕ್ಕೆ ವಾಸನೆಯಿಲ್ಲ. ತಲೆನೋವು, ಮಂಪರು ಬಂದು ಮಲಗಿದವರು ಏಳದೇ ಹೋಗಬಹುದು. ಅತಿಥಿಗಳನ್ನು ಮಲಗಿಸುವ ಕ್ಯಾರವಾನಿನಲ್ಲಿ ಇದರ ಅಲಾರಮ್ಮು ಇಲ್ಲದೆ ಗ್ಯಾಸ್ ಫ್ರಿಜ್ಜು ನಡೆಸಬಾರದು.

ಅಭ್ಯಾಸಕ್ಕೆ ಮೂರು ಪ್ರಶ್ನೆಗಳು

ಉತ್ತರ ಓದುವ ಮೊದಲು ಸ್ವಲ್ಪ ಯೋಚಿಸಿ.

1. ಗ್ಯಾಸಿನಲ್ಲಿ ಬೆಳಿಗ್ಗೆ 5 ಡಿಗ್ರಿ, ಕರೆಂಟಿನಲ್ಲಿ 13 ಡಿಗ್ರಿ. ದೋಷ ಎಲ್ಲಿ?
ಉತ್ತರ: ಯೂನಿಟ್ಟು, ಮಟ್ಟ, ಗಾಳಿ ಸರಿಯಾಗಿವೆ. ವೋಲ್ಟೇಜು ಅಳೆಯಿರಿ, ಅದೂ ಸರಿಯಿದ್ದರೆ ಹೀಟರು ನೋಡಿ.

2. ಬೆಳಿಗ್ಗೆ 6 ಡಿಗ್ರಿ, ಮಧ್ಯಾಹ್ನ ಮೂರಕ್ಕೆ 12 ಡಿಗ್ರಿ. ಬಾಗಿಲು ಹೆಚ್ಚು ತೆರೆದಿಲ್ಲ.
ಉತ್ತರ: ಬೆನ್ನಿನ ಬಿಸಿ ಹೊರಗೆ ಹೋಗುತ್ತಿಲ್ಲ. ಬಿಸಿಲು ಬೀಳುವ ದಿಕ್ಕು, ಕಿಂಡಿಗಳ ಶುಚಿ, ತಗಡಿನ ಮೇಲಿನ ಗುರುತು ಇವನ್ನು ನೋಡಿ.

3. ಘಟ್ಟ ಹತ್ತಿ ಬರುವಾಗ ತಣ್ಣಗಿತ್ತು. ತೋಟದಲ್ಲಿ ನಿಲ್ಲಿಸಿ ಗ್ಯಾಸಿಗೆ ಹಾಕಿದ ಮೇಲೆ ಕೆಟ್ಟಿತು.
ಉತ್ತರ: ಮೊದಲು ರಸಮಟ್ಟ ತನ್ನಿ. ಮಟ್ಟ ಸರಿಯಿದ್ದರೆ ಬರ್ನರಿನ ಉರಿ ನೋಡಿ.

ನಮ್ಮ ಮನೆಯ ಸಂಗತಿ ಏನಾಯಿತೆಂದು ಕೆಲವರು ಕೇಳಬಹುದು. ಇನ್ಸುಲಿನ್ ಬಗ್ಗೆ ವೈದ್ಯರನ್ನೇ ಕೇಳಿದೆವು. 14 ಡಿಗ್ರಿಯಲ್ಲಿ ಎರಡು ದಿನ ಇದ್ದ ಸೀಸೆಗಳನ್ನು ಇನ್ನು ಮೇಲೆ ಬಳಕೆಗೆ ತೆರೆದ ಸೀಸೆಗಳಂತೆ ಎಣಿಸಿ, ನಾಲ್ಕು ವಾರದೊಳಗೆ ಮುಗಿಸಿರಿ, ಉಳಿದರೆ ಚೆಲ್ಲಿರಿ ಎಂದರು. ಎರಡು ಸೀಸೆ ಚೆಲ್ಲಬೇಕಾಯಿತು. ಕೋಳಿಯ ಲಸಿಕೆಯನ್ನು ನಂಬುವಂತಿರಲಿಲ್ಲ. ಅದನ್ನೂ ಬಿಸಾಡಿ ಹೊಸದನ್ನು ತಂದೆವು. ಹಾಳಾದ ಲಸಿಕೆ ಕಣ್ಣಿಗೆ ಒಳ್ಳೆಯದರಂತೆಯೇ ಕಾಣುತ್ತದೆ. ಹಾಕಿಸಿದ್ದೇವೆಂಬ ನೆಮ್ಮದಿಯಲ್ಲಿ ಕೋಳಿಗಳನ್ನು ಕಳೆದುಕೊಂಡ ಮೇಲೆ ಗೊತ್ತಾಗುವುದಕ್ಕಿಂತ ಈ ನಷ್ಟ ಚಿಕ್ಕದು.

ಈಗ ಆ ಫ್ರಿಜ್ಜಿನೊಳಗೆ ಒಂದು ಲೋಟ ನೀರು, ಅದರಲ್ಲೊಂದು ಥರ್ಮೋಮೀಟರು ಸದಾ ಇರುತ್ತವೆ. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬೆಳಿಗ್ಗೆ ಸಂಜೆ ಅಂಕಿ ಬರೆಯುತ್ತೇವೆ. ಮಳೆಯ ಇಂಚು ಬರೆಯುವಾಗಲೇ ಇದನ್ನೂ ಬರೆಯುವುದರಿಂದ ಮರೆಯುವುದಿಲ್ಲ. ಸದಸ್ಯರು ಮಳೆಗಾಲಕ್ಕೆ ಮುಂಚೆ, ಕರೆಂಟು ಇರುವಾಗಲೇ ತಮ್ಮ ಫ್ರಿಜ್ಜನ್ನು ಒಂದು ದಿನ ಗ್ಯಾಸಿನಲ್ಲಿ ನಡೆಸಿ ಅಳೆದು ನೋಡಬೇಕೆಂದು ಕೋರುತ್ತೇವೆ.